ಸ್ಕ್ರೀನ್‌ಶಾಟ್ ಮಸುಕಾದದ್ದು ಎಲ್ಲಿ? ಒಂದು ‘ಧ’ ಹಿಡಿದು ಹುಡುಕುವ ದಾರಿ

ಕರಡು ಪ್ರತಿಯ 27ನೇ ಪುಟ ತೆರೆದಿಟ್ಟು, ಕರಡು ತಿದ್ದುವ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು: “ಇದೇನಪ್ಪಾ, ‘ಸಹಾಯದನ’ ಅಂತಿದೆ? ದನ ಕೊಡ್ತಾರೋ ಧನ ಕೊಡ್ತಾರೋ?”

ಹೈನುಗಾರರ ಸಂಘವೊಂದಕ್ಕೆ ನಾವು ಪುಟ ಕಟ್ಟುತ್ತಿದ್ದ ಕೈಪಿಡಿ ಅದು. ಆನ್‌ಲೈನ್ ಅರ್ಜಿ ತುಂಬುವುದನ್ನು ಪರದೆ ಪರದೆಯಾಗಿ ತೋರಿಸುವ 64 ಪುಟಗಳ ಪುಸ್ತಕ. ಓದುವವರು ಹೈನುಗಾರರೇ ಆದ್ದರಿಂದ ಎರಡೂ ಅರ್ಥ ಕೂಡುತ್ತಿತ್ತು ಎಂಬುದು ಬೇರೆ ಮಾತು. “ಅಕ್ಷರ ತಪ್ಪಲ್ಲ ಸರ್, ಅದು ಸ್ಕ್ರೀನ್‌ಶಾಟು, ಸ್ವಲ್ಪ ಬ್ಲರ್ ಆಗಿದೆ” ಎಂದೆ. “ಓದೋನಿಗೆ ಅದೆಲ್ಲ ಗೊತ್ತಾಗುತ್ತೇನಯ್ಯ?” ಎಂದು ಕೆಂಪು ಪೆನ್ನಲ್ಲಿ ಸುತ್ತು ಹಾಕಿಯೇ ಬಿಟ್ಟರು.

ಭೂತಗನ್ನಡಿ ಹಿಡಿದು ನೋಡಿದೆ. ಧ ಅಕ್ಷರದ ಬುಡದಲ್ಲಿ ಒಂದು ಸಣ್ಣ ಸೀಳು ಇರುತ್ತದಲ್ಲ, ದ ಮತ್ತು ಧ ನಡುವೆ ಇರುವ ವ್ಯತ್ಯಾಸವೇ ಅಷ್ಟು. ಪರದೆಯ ಮೇಲೆ ಆ ಸೀಳಿನ ಅಗಲ ಒಂದು ಪಿಕ್ಸೆಲ್ (ಪರದೆಯ ಚಿತ್ರ ಕಟ್ಟುವ ಒಂದು ಸಣ್ಣ ಚೌಕ), ಹೆಚ್ಚೆಂದರೆ ಎರಡು. ಪರದೆಯಿಂದ ಕಾಗದಕ್ಕೆ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಮುಚ್ಚಿಹೋಗಿತ್ತು. ಎಲ್ಲಿ ಎಂದು ಹುಡುಕಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೈಪಿಡಿ, ಪಠ್ಯಪುಸ್ತಕ, ಪ್ರಾಜೆಕ್ಟ್ ವರದಿ, ಬಳಕೆದಾರರ ಗೈಡ್ ಯಾವುದನ್ನೇ ಮಾಡುವವರಿಗೂ ಇದೇ ಕ್ರಮ ಸಾಕು.

ಶಾರ್ಪನ್ ಒತ್ತುವ ಮೊದಲು

ಚಿತ್ರ ಮಸುಕಾದರೆ ಎಲ್ಲರೂ ಮೊದಲು ಮಾಡುವ ಕೆಲಸ ಫೋಟೋಶಾಪ್‌ಗೆ ಹಾಕಿ ಶಾರ್ಪನ್ ಒತ್ತುವುದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದ್ದೇನೆ. ಶಾರ್ಪನ್ ಮಾಡುವುದು ಇಷ್ಟೇ: ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪು, ಬಿಳಿ ಬದಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ. ಮುಚ್ಚಿಹೋದ ಸೀಳನ್ನು ಅದು ತೆರೆಯಲಾರದು, ಏಕೆಂದರೆ ಅಲ್ಲಿ ಸೀಳು ಇತ್ತು ಎಂಬ ಮಾಹಿತಿಯೇ ಕಡತದಲ್ಲಿ ಉಳಿದಿಲ್ಲ. ಬದಲಿಗೆ ಅಕ್ಷರದ ಸುತ್ತ ಬಿಳಿ ಪ್ರಭಾವಳಿ ಎದ್ದು ನಿಲ್ಲುತ್ತದೆ. ದೇವರ ಪಟಕ್ಕೆ ಅದು ಚೆಂದ, ಅರ್ಜಿ ನಮೂನೆಗಲ್ಲ.

ಒಂದು ಸ್ಕ್ರೀನ್‌ಶಾಟ್ ಅಚ್ಚಾಗುವ ಹೊತ್ತಿಗೆ ಐದಾರು ಕೈ ದಾಟಿರುತ್ತದೆ. ತೆಗೆದವರು, ಕಳಿಸಿದವರು, ಕತ್ತರಿಸಿದವರು, ಪುಟ ಕಟ್ಟಿದವರು, ಪಿಡಿಎಫ್ ಮಾಡಿದವರು, ಪ್ರೆಸ್‌ನವರು. ಒಂದು ಕೈಯಲ್ಲಿ ಕಳೆದ ಪಿಕ್ಸೆಲ್ ಮುಂದಿನ ಯಾವ ಕೈಯಲ್ಲೂ ವಾಪಸ್ ಬರುವುದಿಲ್ಲ. ಆದ್ದರಿಂದ ಕಳೆದದ್ದು ಯಾವ ಕೈಯಲ್ಲಿ ಎಂದು ಗೊತ್ತಾಗುವವರೆಗೆ ಯಾವುದನ್ನೂ ಸರಿಮಾಡಲು ಹೋಗಬೇಡಿ.

ಹುಡುಕುವುದಕ್ಕೆ ಒಂದೇ ಒಂದು ಅಕ್ಷರ ಸಾಕು. ಚಿತ್ರದಲ್ಲಿ ಎಲ್ಲಾದರೂ ಒಂದು ಧ, ಢ ಅಥವಾ ಭ ಆರಿಸಿಕೊಳ್ಳಿ. ಅದು ಸಿಗದಿದ್ದರೆ ಹೊಟ್ಟೆ ಸೀಳಿದ ಷ ಆಗಬಹುದು (ಮಸುಕಾದರೆ ಪ ಆಗಿಬಿಡುತ್ತದೆ), ‘ಸ್ತ್ರೀ’ಯಂಥ ಎರಡು ಒತ್ತಿನ ಅಕ್ಷರ ಆಗಬಹುದು, ವಟ್ರಸುಳಿ ಇರುವ ‘ಕೃ’ ಆಗಬಹುದು. ಇಂಗ್ಲಿಷ್ ಪರದೆಯಾದರೆ ಕೋಷ್ಟಕದ ಒಂದು ಪಿಕ್ಸೆಲ್ ಗೆರೆಯೇ ಒಳ್ಳೆಯ ಸಾಕ್ಷಿ. ಮೂಲ ಕಡತವನ್ನು ತೆರೆದು ಆ ಅಕ್ಷರವನ್ನು 800%ಗೆ ಹಿಗ್ಗಿಸಿ ನೋಡಿ. ಸೀಳು ಎಷ್ಟು ಚೌಕ ಅಗಲವಿದೆ ಎಂದು ಎಣಿಸಿ. ಆಮೇಲೆ ಪ್ರತಿ ಹಂತದಲ್ಲೂ ಅದೇ ಅಕ್ಷರವನ್ನು ಅಷ್ಟೇ ಹಿಗ್ಗಿಸಿ ಹೋಲಿಸುತ್ತಾ ಬನ್ನಿ. ಸೀಳು ಎಲ್ಲಿ ಮಾಯವಾಯಿತೋ ಕಳ್ಳ ಅಲ್ಲೇ ಇದ್ದಾನೆ.

ಮಸುಕಿನಲ್ಲೂ ಜಾತಿಗಳಿವೆ

ಎಲ್ಲದಕ್ಕೂ ‘ಬ್ಲರ್’ ಎಂದು ಒಂದೇ ಹೆಸರಿಟ್ಟರೆ ರೋಗ ಸಿಗುವುದಿಲ್ಲ. ಹಿಗ್ಗಿಸಿ ನೋಡಿದಾಗ ಮಸುಕು ಯಾವ ಮುಖ ತೋರಿಸುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಬಿಳಿ ಹಿನ್ನೆಲೆಯಲ್ಲಿ ಅಕ್ಷರದ ಸುತ್ತ ಬೂದು ಬಣ್ಣದ ಚುಕ್ಕೆಗಳು, ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಕಂಡರೆ ಅದು ಜೆಪೆಗ್. 1992ರಲ್ಲಿ ರೂಪುಗೊಂಡ ಈ ಮಾನಕ ಫೋಟೋಗಳಿಗಾಗಿ ಹುಟ್ಟಿದ್ದು, ಹೆಸರಲ್ಲೇ ಫೋಟೋಗ್ರಫಿಕ್ ಎಂದಿದೆ. ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ತುಂಡರಿಸಿ, ಪ್ರತಿ ಚೌಕದಲ್ಲಿ ನಯವಾದ ಏರಿಳಿತವನ್ನು ಉಳಿಸಿಕೊಂಡು ಚೂಪಾದ ಬದಲಾವಣೆಯನ್ನು ಕೈಬಿಡುತ್ತದೆ. ಮುಖ, ಆಕಾಶ, ಗದ್ದೆಗೆ ಇದು ಸರಿ. ಅಕ್ಷರ ಎಂದರೆ ಬರೀ ಚೂಪಾದ ಬದಲಾವಣೆಯೇ ಅಲ್ಲವೇ? ಇದರ ಜೊತೆಗೆ ಬಹುತೇಕ ಜೆಪೆಗ್ ಕಡತಗಳು ಬಣ್ಣವನ್ನು 2×2 ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಉಳಿಸುತ್ತವೆ. ಕೆಂಪು ಗುಂಡಿಯ ಮೇಲಿನ ಬಿಳಿ ‘ಸಲ್ಲಿಸಿ’ ಎಲ್ಲಕ್ಕಿಂತ ಮೊದಲು ಕದಡುವುದು ಅದಕ್ಕೇ.

ನೊಣವಿಲ್ಲ, ಆದರೆ ಇಡೀ ಅಕ್ಷರ ಮಂಜಿನ ಹಿಂದೆ ನಿಂತ ಹಾಗಿದ್ದರೆ ಯಾರೋ ಗಾತ್ರ ಬದಲಿಸಿದ್ದಾರೆ. ಹೊಸ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದವುಗಳ ಸರಾಸರಿಯಿಂದ ತುಂಬಿದಾಗ ಹೀಗಾಗುತ್ತದೆ.

ಮಂಜೂ ಇಲ್ಲ, ಅಕ್ಷರದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಕೋಷ್ಟಕದ ಕೆಲವು ಗೆರೆಗಳೇ ಇಲ್ಲ ಎಂದರೆ ಸರಾಸರಿ ಮಾಡದೆ ಪಿಕ್ಸೆಲ್‌ಗಳನ್ನು ಎತ್ತಿಬಿಸಾಡಿ ಕುಗ್ಗಿಸಿದ್ದಾರೆ ಎಂದರ್ಥ. 70%ಗೆ ಇಳಿಸಿದರೆ ಪ್ರತಿ ಹತ್ತು ಕಂಬಸಾಲಿಗೆ ಮೂರು ಹೋಗುತ್ತವೆ. ಆ ಮೂರರಲ್ಲಿ ನಿಮ್ಮ ಸೀಳು ಇದ್ದರೆ ಮುಗಿಯಿತು, ಧನ ಹೋಗಿ ದನ ಬಂತು.

ಅಕ್ಷರದ ಎಡಕ್ಕೆ ಕಿತ್ತಳೆ, ಬಲಕ್ಕೆ ನೀಲಿ ಅಂಚು ಕಂಡರೆ ಅದು ವಿಂಡೋಸ್‌ನ ಕ್ಲಿಯರ್‌ಟೈಪ್. ಪರದೆಯ ಒಂದೊಂದು ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಕ್ಷರವನ್ನು ನಯವಾಗಿಸುವ ಉಪಾಯ ಅದು. ಪರದೆಯಲ್ಲಿ ಕಣ್ಣಿಗೆ ಬೀಳದು, ಹಿಗ್ಗಿಸಿ ಅಚ್ಚು ಹಾಕಿದರೆ ಬೀಳುತ್ತದೆ. ಚಿತ್ರ ತೆಗೆಯುವ ಮೊದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ಲಿಯರ್‌ಟೈಪ್ ಆರಿಸಿಬಿಟ್ಟರೆ ಆಯಿತು. ಕಪ್ಪುಬಿಳುಪು ಪುಸ್ತಕವಾದರೆ ಇದರ ಗೊಡವೆಗೇ ಹೋಗಬೇಡಿ.

ಕೊನೆಯದು ಚೌಕ ಚೌಕವಾಗಿ ಕಾಣುವುದು. ‘ಪಿಕ್ಸೆಲ್ ಒಡೆದಿದೆ’ ಎಂದು ನಮ್ಮ ಕಡೆ ಹೇಳುವುದು ಇದನ್ನೇ. ನೋಡಲು ಒರಟು, ಆದರೆ ಇದರಲ್ಲಿ ಏನೂ ಕಳೆದಿಲ್ಲ. ಮೂಲ ಪಿಕ್ಸೆಲ್‌ಗಳು ಹಾಗೇ ಇವೆ, ದೊಡ್ಡದಾಗಿ ಕಾಣುತ್ತಿವೆ ಅಷ್ಟೆ. ನನ್ನ ಲೆಕ್ಕದಲ್ಲಿ ಮಂಜಿಗಿಂತ ಚೌಕ ಯಾವಾಗಲೂ ಮೇಲು.

ಮೂಲದಲ್ಲೇ ಕೆಟ್ಟಿದೆಯೇ?

ಪರದೆಯಲ್ಲೇ ಮಸುಕಾಗಿದ್ದದ್ದನ್ನು ಮುಂದೆ ಯಾರೂ ಉದ್ಧಾರ ಮಾಡಲಾರರು. ಎರಡು ಸಂದರ್ಭಗಳಲ್ಲಿ ಹೀಗಾಗುವುದು ಹೆಚ್ಚು.

ಒಂದು, ಹಳೆಯ ತಂತ್ರಾಂಶ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲ್ 125% ಅಥವಾ 150% ಇಟ್ಟಾಗ ಹೊಸ ತಂತ್ರಾಂಶಗಳು ಅಕ್ಷರವನ್ನು ಹೊಸದಾಗಿ ದೊಡ್ಡ ಗಾತ್ರದಲ್ಲಿ ಬರೆಯುತ್ತವೆ. ಹಳೆಯವಕ್ಕೆ ಅದು ತಿಳಿಯದು. ವಿಂಡೋಸ್ ಅವುಗಳ ಇಡೀ ಕಿಟಕಿಯನ್ನು ಚಿತ್ರದ ಹಾಗೆ ಎಳೆದು ದೊಡ್ಡದು ಮಾಡುತ್ತದೆ. ಲೆಕ್ಕಪತ್ರದ ಹಳೆಯ ಪ್ರೋಗ್ರಾಂಗಳಲ್ಲಿ ಪರದೆಯೇ ಮಬ್ಬಾಗಿ ಕಾಣುವುದು ಇದಕ್ಕೆ. ಸ್ಕೇಲನ್ನು 100%ಗೆ ಇಳಿಸಿ ಚಿತ್ರ ತೆಗೆಯಿರಿ. ಅಥವಾ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ ಹಿಗ್ಗಿಸುವ ಕೆಲಸವನ್ನು ಅಪ್ಲಿಕೇಷನ್‌ಗೇ ಬಿಡಿ.

ಎರಡು, ವಿಡಿಯೋ ಕರೆಯಲ್ಲಿ ಹಂಚಿದ ಪರದೆ ಅಥವಾ ದೂರದ ಕಂಪ್ಯೂಟರಿನ ಪರದೆಯಿಂದ ತೆಗೆದ ಚಿತ್ರ. ಅದು ನಿಮ್ಮ ತನಕ ಬರುವಾಗಲೇ ವಿಡಿಯೋ ಆಗಿ ಹಿಂಡಿಸಿಕೊಂಡು ಬಂದಿರುತ್ತದೆ. ಆ ಕಡೆ ಕೂತವರಿಗೇ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ಚಿತ್ರ ತೆಗೆದು ಪಿಎನ್‌ಜಿ ಕಡತವಾಗಿ (ಇದರಲ್ಲಿ ಪಿಕ್ಸೆಲ್ ಕಳೆಯುವುದಿಲ್ಲ) ಉಳಿಸಿ ಕಳಿಸಲು ಹೇಳಿ.

ಕಳಿಸುವಾಗ ವಾಟ್ಸ್‌ಆ್ಯಪ್ ಬಳಸುವುದಾದರೆ ಫೋಟೋ ಎಂದು ಕಳಿಸಲೇಬಾರದು. ಅದು ಗಾತ್ರ ಕುಗ್ಗಿಸಿ ಜೆಪೆಗ್ ಮಾಡಿಬಿಡುತ್ತದೆ. ಅಟ್ಯಾಚ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆರಿಸಿ ಕಳಿಸಿದರೆ ಕಡತ ಇದ್ದ ಹಾಗೇ ಬರುತ್ತದೆ. ಬಂದದ್ದರ ಅಳತೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಫೋನಿನ ಪರದೆ 1080×2400 ಇದ್ದು ಕೈಗೆ ಬಂದ ಚಿತ್ರ ಅದಕ್ಕಿಂತ ಚಿಕ್ಕದಿದ್ದರೆ ಯಾರೋ ನಡುವೆ ಕೈಯಾಡಿಸಿದ್ದಾರೆ. ಕಡತದ ಹೆಸರು ಪಿಎನ್‌ಜಿ ಎಂದಿದ್ದ ಮಾತ್ರಕ್ಕೂ ನಂಬಬೇಡಿ. ಜೆಪೆಗ್ ಆಗಿ ಬಂದದ್ದನ್ನು ಮತ್ತೆ ಪಿಎನ್‌ಜಿ ಎಂದು ಸೇವ್ ಮಾಡಿದರೆ ನೊಣಗಳ ಸಮೇತ ಉಳಿಯುತ್ತದೆ.

ಪಿಪಿಐ ಎಂಬ ಚೀಟಿ, ಪಿಕ್ಸೆಲ್ ಎಂಬ ಸರಕು

ಹೆಚ್ಚಿನ ಗೊಂದಲ ಇಲ್ಲಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪ್ರೆಸ್‌ನವರು “300 ಡಿಪಿಐ ಕೊಡಿ” ಎನ್ನುತ್ತಾರೆ, ಅಂದರೆ ಇಂಚಿಗೆ 300 ಚುಕ್ಕೆ (ಚಿತ್ರದ ಮಟ್ಟಿಗೆ ಡಿಪಿಐ, ಪಿಪಿಐ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ). ನಮ್ಮವರು ಫೋಟೋಶಾಪ್ ತೆರೆದು ಇಮೇಜ್ ಸೈಜ್‌ನಲ್ಲಿ 96 ಇದ್ದದ್ದನ್ನು 300 ಮಾಡಿ ಓಕೆ ಒತ್ತುತ್ತಾರೆ. ಕಡತ ದೊಡ್ಡದಾಯಿತು, ಸಮಾಧಾನವಾಯಿತು. ಆದದ್ದೇನು? ರೀಸ್ಯಾಂಪಲ್ ಎಂಬ ಗುರುತು ಹಾಕಿದ್ದೇ ಇತ್ತು, ಪ್ರೋಗ್ರಾಂ ಒಂದು ಪಿಕ್ಸೆಲ್ ಇದ್ದಲ್ಲಿ ಸುಮಾರು ಹತ್ತನ್ನು ಊಹಿಸಿ ತುಂಬಿತು. ಮಂಜು ಹುಟ್ಟಿದ್ದು ಆ ಕ್ಷಣದಲ್ಲಿ.

ಸ್ಕ್ರೀನ್‌ಶಾಟ್‌ನಲ್ಲಿ ನಿಜವಾಗಿ ಇರುವುದು ಪಿಕ್ಸೆಲ್ ಮಾತ್ರ. ಪಿಪಿಐ ಎನ್ನುವುದು ‘ಇದನ್ನು ಅಚ್ಚು ಹಾಕುವಾಗ ಒಂದು ಇಂಚಿಗೆ ಇಷ್ಟು ತುಂಬಿ’ ಎಂದು ಮೂಟೆಯ ಮೇಲೆ ಅಂಟಿಸಿದ ಚೀಟಿ. ಚೀಟಿ ಬದಲಿಸಿದರೆ ಒಳಗಿನ ಅಕ್ಕಿ ಹೆಚ್ಚುವುದಿಲ್ಲ. ರೀಸ್ಯಾಂಪಲ್ ಗುರುತು ತೆಗೆದು 300 ಮಾಡಿದರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ಅಚ್ಚಿನ ಅಳತೆ ಕಿರಿದಾಗುತ್ತದೆ ಅಷ್ಟೆ. ಗಿಂಪ್ ಎಂಬ ಚಿತ್ರ ತಂತ್ರಾಂಶ ಬಳಸುವವರಿಗೆ ಇದು ಇನ್ನೂ ಸುಲಭ, ಎರಡು ಕೆಲಸಕ್ಕೂ ಬೇರೆಬೇರೆ ಮೆನು ಇದೆ. ‘ಪ್ರಿಂಟ್ ಸೈಜ್’ ಚೀಟಿಯನ್ನು ಮಾತ್ರ ಮುಟ್ಟುತ್ತದೆ, ‘ಸ್ಕೇಲ್ ಇಮೇಜ್’ ಪಿಕ್ಸೆಲ್ಲನ್ನು ಮುಟ್ಟುತ್ತದೆ.

ಈಗ ನಮ್ಮ ಪುಸ್ತಕದ ಲೆಕ್ಕ ನೋಡಿ. ಪುಟದಲ್ಲಿ ಅಕ್ಷರ ಕೂರುವ ಅಗಲ 4.25 ಇಂಚು. ಚಿತ್ರ ತೆಗೆದ ಲ್ಯಾಪ್‌ಟಾಪ್ 1366×768. ಇಡೀ ಪರದೆಯನ್ನು ಆ ಅಗಲಕ್ಕೆ ಕೂರಿಸಿದರೆ ಇಂಚಿಗೆ 321 ಪಿಕ್ಸೆಲ್. ಪ್ರೆಸ್‌ನವರು ಕೇಳಿದ್ದಕ್ಕಿಂತ ಹೆಚ್ಚೇ ಆಯಿತಲ್ಲ? ಆದರೆ ಪರದೆಯಲ್ಲಿ 16 ಪಿಕ್ಸೆಲ್ ಎತ್ತರವಿದ್ದ ಬರಹ ಕಾಗದದಲ್ಲಿ 3.6 ಪಾಯಿಂಟ್ ಆಗುತ್ತದೆ. ಪುಸ್ತಕದ ಒಕ್ಕಣೆ 12 ಪಾಯಿಂಟ್ ಇರುವಾಗ 3.6 ಪಾಯಿಂಟಿನ ಕನ್ನಡವನ್ನು ಓದುವವರು ಯಾರು? ಇಂಥ ಚಿತ್ರವನ್ನು ಜನ ‘ಮಸುಕು’ ಎನ್ನುತ್ತಾರೆ. ನಿಜವಾಗಿ ಅದು ಮಸುಕಲ್ಲ, ಅತಿ ಚಿಕ್ಕದು. ಮೇಲೆ ತಲೆಕಟ್ಟು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ ಎಲ್ಲ ಇರುವ ನಮ್ಮ ಲಿಪಿಗೆ ರೋಮನ್ ಲಿಪಿಗಿಂತ ಹೆಚ್ಚು ಪಿಕ್ಸೆಲ್ ಬೇಕು. ಇಂಗ್ಲಿಷ್ ಕೈಪಿಡಿಯಲ್ಲಿ ಹೇಗೋ ನಡೆದುಹೋಗುವ ಅಳತೆ ಕನ್ನಡದಲ್ಲಿ ನಡೆಯುವುದಿಲ್ಲ.

ಮದ್ದು: ಕುಗ್ಗಿಸುವ ಬದಲು ಕತ್ತರಿಸಿ. ಅರ್ಜಿಯ ಯಾವ ಭಾಗದ ಬಗ್ಗೆ ಹೇಳುತ್ತಿದ್ದೀರೋ ಆ ಭಾಗ ಮಾತ್ರ, 640 ಪಿಕ್ಸೆಲ್ ಅಗಲ ಎನ್ನಿ. ಅದೇ 4.25 ಇಂಚಿಗೆ ಕೂರಿಸಿದರೆ ಬರಹ 7.6 ಪಾಯಿಂಟ್‌ಗೆ ಬರುತ್ತದೆ, ಓದಬಹುದು. ಆದರೆ ಇಂಚಿಗೆ 150 ಪಿಕ್ಸೆಲ್ ಮಾತ್ರ ಉಳಿಯಿತು, ಅಂಚು ಒರಟಾಯಿತು. ಇಲ್ಲಿಗೆ ಬಂದ ಮೇಲೆ ಯಾವ ತಂತ್ರಾಂಶವೂ ಸಹಾಯಕ್ಕೆ ಬರದು, ಚಿತ್ರವನ್ನೇ ಮತ್ತೆ ತೆಗೆಯಬೇಕು. ಬ್ರೌಸರ್‌ನಲ್ಲಿ ಕಂಟ್ರೋಲ್ ಜೊತೆ ಪ್ಲಸ್ ಒತ್ತುತ್ತಾ ಪುಟವನ್ನು 200%ಗೆ ಏರಿಸಿ. ಬ್ರೌಸರ್ ಚಿತ್ರವನ್ನು ಎಳೆಯುವುದಿಲ್ಲ, ಪ್ರತಿ ಅಕ್ಷರವನ್ನೂ ಹೊಸದಾಗಿ ಎರಡರಷ್ಟು ದೊಡ್ಡದಾಗಿ ಬರೆಯುತ್ತದೆ. ಈಗ ಅದೇ ಭಾಗ 1280 ಪಿಕ್ಸೆಲ್ ಅಗಲ ಬರುತ್ತದೆ, ಲ್ಯಾಪ್‌ಟಾಪ್ ಪರದೆಯೊಳಗೇ ಹಿಡಿಸುತ್ತದೆ. 4.25 ಇಂಚಿಗೆ ಕೂರಿಸಿದರೆ ಇಂಚಿಗೆ 301. ಬರಹ ಅದೇ 7.6 ಪಾಯಿಂಟ್, ಆದರೆ ಧದ ಸೀಳಿಗೆ ಈಗ ಮೂರು ಪಿಕ್ಸೆಲ್ ಜಾಗ ಇದೆ.

ಜೂಮ್ ಮಾಡಿದಾಗ ಕೆಲವು ಜಾಲತಾಣಗಳು ಮೊಬೈಲ್ ವಿನ್ಯಾಸಕ್ಕೆ ತಿರುಗಿಬಿಡುತ್ತವೆ, ಪಟ್ಟಿಗಳೆಲ್ಲ ಮಡಚಿಕೊಳ್ಳುತ್ತವೆ. ಆಗ ಫೈರ್‌ಫಾಕ್ಸ್‌ನ ಕನ್ಸೋಲ್‌ನಲ್ಲಿ ಸ್ಕ್ರೀನ್‌ಶಾಟ್ ಆಜ್ಞೆಯನ್ನು ಡಿಪಿಆರ್ 2 ಎಂದು ಸೂಚಿಸಿ (:screenshot --dpr 2) ಕೊಟ್ಟರೆ ವಿನ್ಯಾಸ ಹಾಗೇ ಇದ್ದು ಪಿಕ್ಸೆಲ್ ಮಾತ್ರ ಎರಡರಷ್ಟಾಗುತ್ತದೆ. ಮ್ಯಾಕ್‌ನ ರೆಟಿನಾ ಪರದೆ ಇದ್ದವರಿಗೆ ಈ ತಾಪತ್ರಯವೇ ಇಲ್ಲ, ಅಲ್ಲಿ ಸ್ಕ್ರೀನ್‌ಶಾಟ್ ಮೊದಲೇ ಎರಡರಷ್ಟು ಬರುತ್ತದೆ. ಫೋನಿನ ಚಿತ್ರಗಳೂ ಹಾಗೆಯೇ: 1080 ಪಿಕ್ಸೆಲ್ ಅಗಲವನ್ನು 2.25 ಇಂಚಿಗೆ ಕೂರಿಸಿದರೆ 480 ಪಿಪಿಐ. ಅದನ್ನು 300ಕ್ಕೆ ಇಳಿಸಿ ‘ಸರಿಮಾಡಲು’ ಹೋಗಬೇಡಿ, ಇರಲಿ ಬಿಡಿ.

ಗಾತ್ರ ಬದಲಿಸಲೇಬೇಕಾದಾಗ

ಮತ್ತೆ ತೆಗೆಯಲು ಆಗದ ಚಿತ್ರಗಳಿರುತ್ತವೆ. ಜಾಲತಾಣ ಬದಲಾಗಿರುತ್ತದೆ, ಅರ್ಜಿಯ ಅವಧಿ ಮುಗಿದಿರುತ್ತದೆ. ಅಂಥವನ್ನು ಹಿಗ್ಗಿಸುವುದಾದರೆ 200% ಅಥವಾ 300%, ಪೂರ್ಣ ಸಂಖ್ಯೆ ಮಾತ್ರ. ವಿಧಾನ ‘ನಿಯರೆಸ್ಟ್ ನೇಬರ್’, ಗಿಂಪ್‌ನಲ್ಲಿ ಇಂಟರ್‌ಪೊಲೇಷನ್ ‘ನನ್’. 300% ಮಾಡಿದಾಗ ಒಂದು ಪಿಕ್ಸೆಲ್ ಒಂಬತ್ತು ಪಿಕ್ಸೆಲ್ಲಿನ ಚೌಕವಾಗುತ್ತದೆ, ಬಣ್ಣ ಬೆರೆಯುವುದಿಲ್ಲ. ಇದರಿಂದ ವಿವರ ಹೆಚ್ಚಲಿಲ್ಲ, ಹಾಗಾದರೆ ಏನು ಲಾಭ ಎಂದು ಕೇಳಬಹುದು. ಮುಂದೆ ಪುಟ ಕಟ್ಟುವ ಪ್ರೋಗ್ರಾಂ, ಪಿಡಿಎಫ್, ಪ್ರಿಂಟರ್ ಯಾವುದಾದರೂ ಅಂಚನ್ನು ಒಂದು ಪಿಕ್ಸೆಲ್‌ನಷ್ಟು ಕದಡಿದರೆ, ಕದಡುವುದು ಮೂಲ ಪಿಕ್ಸೆಲ್ಲಿನ ಮೂರನೇ ಒಂದು ಭಾಗ ಮಾತ್ರ. ಗಟ್ಟಿ ಡಬ್ಬಿಯಲ್ಲಿ ಹಾಕಿ ಕಳಿಸಿದ ಹಾಗೆ.

130%, 170% ಎಂದು ನಿಯರೆಸ್ಟ್ ನೇಬರ್ ಮಾಡಿದರೆ ಕೆಲವು ಗೆರೆ ಒಂದು ಪಿಕ್ಸೆಲ್, ಕೆಲವು ಎರಡು ಪಿಕ್ಸೆಲ್ ಆಗಿ ಅಕ್ಷರ ಸೊಟ್ಟಗಾಗುತ್ತದೆ. ಕುಗ್ಗಿಸುವಾಗ ಇದಕ್ಕೆ ತಿರುಗುಮುರುಗು: ನಿಯರೆಸ್ಟ್ ನೇಬರ್ ಬೇಡವೇ ಬೇಡ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ಕುಗ್ಗಿಸುವ ವಿಧಾನ ಬೇಕು: ಬೈಕ್ಯೂಬಿಕ್ ಅಥವಾ, ಇರ್ಫಾನ್‌ವ್ಯೂ ಎಂಬ ಚಿತ್ರ ತಂತ್ರಾಂಶ ಬಳಸುವವರಾದರೆ, ಲ್ಯಾಂಕ್ಜೋಸ್. ಅದೂ ಒಂದೇ ಸಲ. ಮೊದಲು 80%, ಸಾಲದೆಂದು ಮತ್ತೆ 90%, ಪುಟಕ್ಕೆ ಕೂರಲಿಲ್ಲವೆಂದು ಇನ್ನೊಮ್ಮೆ ಎಂದು ಮಾಡಿದರೆ ಪ್ರತಿ ಸಲವೂ ಒಂದು ಪದರ ಮಂಜು. ಮೂಲದಿಂದಲೇ ಹೊಸದಾಗಿ ಶುರು ಮಾಡಿ.

ಒಂದು ವಿಚಿತ್ರ: ಗಿಂಪ್‌ನಲ್ಲಿ ಬೈಕ್ಯೂಬಿಕ್‌ಗೆ ಸಮನಾದ ‘ಕ್ಯೂಬಿಕ್’ ಆರಿಸಿದರೂ ಅಕ್ಷರ ಹಲ್ಲುಬಿದ್ದ ಹಾಗೆ ಬಂದರೆ, ಚಿತ್ರ ‘ಇಂಡೆಕ್ಸ್ಡ್’ ಸ್ಥಿತಿಯಲ್ಲಿದೆ. 256 ಬಣ್ಣಗಳ ಪಟ್ಟಿಯೊಳಗೆ ಸರಾಸರಿ ಬಣ್ಣಕ್ಕೆ ಜಾಗವಿಲ್ಲ. ಮೋಡ್ ಅನ್ನು ಆರ್‌ಜಿಬಿಗೆ ಬದಲಿಸಿ, ಆಮೇಲೆ ಕುಗ್ಗಿಸಿ.

ಪುಟ ಕಟ್ಟುವಲ್ಲಿ

ನಮ್ಮ ‘ಸಹಾಯಧನ’ದ ಕಡೆಗೆ ಬರುತ್ತೇನೆ. ಮೂಲ ಪಿಎನ್‌ಜಿ ತೆರೆದೆ, ಸೀಳು ಇತ್ತು. ಕಳಿಸಿದ ಮೇಲ್‌ನಲ್ಲಿದ್ದ ಪ್ರತಿ ತೆರೆದೆ, ಇತ್ತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪುಟ ಕಟ್ಟಿದ ಡಾಕ್ಸ್ ಕಡತದಲ್ಲಿ ಇರಲಿಲ್ಲ.

ಡಾಕ್ಸ್ ಕಡತದ ಒಳಗಿನ ಚಿತ್ರವನ್ನು ನೇರವಾಗಿ ನೋಡಲು ಒಂದು ದಾರಿಯಿದೆ, ನನಗೆ ತುಂಬ ಇಷ್ಟವಾದದ್ದು. ಕಡತದ ಒಂದು ನಕಲು ಮಾಡಿ, ಅದರ ಹೆಸರಿನ ಕೊನೆಯ ‘ಡಾಕ್ಸ್’ ತೆಗೆದು ‘ಜಿಪ್’ ಎಂದು ಹಾಕಿ, ತೆರೆಯಿರಿ. ಒಳಗೆ ‘ವರ್ಡ್’ ಎಂಬ ಫೋಲ್ಡರ್, ಅದರೊಳಗೆ ‘ಮೀಡಿಯಾ’. ಪುಸ್ತಕದ ಎಲ್ಲ ಚಿತ್ರಗಳೂ ಅಲ್ಲಿ ಸಾಲಾಗಿ ಕೂತಿರುತ್ತವೆ, ಕಡತದಲ್ಲಿ ಈಗ ಎಷ್ಟು ಪಿಕ್ಸೆಲ್ ಉಳಿದಿದೆಯೋ ಅಷ್ಟರೊಂದಿಗೆ. 1366 ಅಗಲದ ನಮ್ಮ ಚಿತ್ರ ಅಲ್ಲಿ 440 ಆಗಿತ್ತು.

440 ಎಲ್ಲಿಂದ ಬಂತು? ತಪ್ಪು ನಮ್ಮದೇ. ಮೊದಲ ದಿನ ಪುಟ ತುಂಬಿದ್ದರಿಂದ ನಮ್ಮಲ್ಲಿ ಪುಟ ಕಟ್ಟುವ ಹುಡುಗಿ ಚಿತ್ರವನ್ನು ಎರಡು ಇಂಚಿಗೆ ಕುಗ್ಗಿಸಿ ಸೇವ್ ಮಾಡಿದ್ದಳು. ಮರುದಿನ ಪುಟ ವಿಂಗಡಿಸಿದ ಮೇಲೆ ಜಾಗ ಸಿಕ್ಕಿತು, ಎಳೆದು 4.25 ಇಂಚು ಮಾಡಿದಳು. ಸೇವ್ ಮಾಡುವಾಗ ಚಿತ್ರಗಳನ್ನು ಆಗ ಕಾಣುವ ಅಳತೆಗೆ ಇಂಚಿಗೆ 220 ಪಿಕ್ಸೆಲ್‌ನಂತೆ ಹಿಂಡುವ ಡೀಫಾಲ್ಟ್ ಆಯ್ಕೆಯನ್ನು ನಾವು ಯಾರೂ ತೆಗೆದಿರಲಿಲ್ಲ. ಎರಡು ಇಂಚು, 220, ಒಟ್ಟು 440. ಅದನ್ನು 4.25 ಇಂಚಿಗೆ ಎಳೆದಾಗ ಇಂಚಿಗೆ 103. ಧ ಸತ್ತದ್ದು ಮೊದಲ ದಿನ ಸಂಜೆ, ಹೆಣ ಸಿಕ್ಕಿದ್ದು ಕರಡಿನಲ್ಲಿ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಈ ಆಯ್ಕೆ ಇರುವುದು ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್, ಇಮೇಜ್ ಸೈಜ್ ಅಂಡ್ ಕ್ವಾಲಿಟಿ ಎಂಬಲ್ಲಿ. ‘ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್’ ಎದುರು ಗುರುತು ಹಾಕಿ. ಇದು ತೆರೆದಿರುವ ಕಡತಕ್ಕೆ ಮಾತ್ರ ಅನ್ವಯ ಎಂಬುದನ್ನು ಮರೆಯಬೇಡಿ. ಅಲ್ಲೇ ಪಕ್ಕದ ಪಟ್ಟಿಯಲ್ಲಿ ‘ಆಲ್ ನ್ಯೂ ಡಾಕ್ಯುಮೆಂಟ್ಸ್’ ಆರಿಸಿಕೊಂಡು ಇನ್ನೊಮ್ಮೆ ಗುರುತು ಹಾಕಿದರೆ ಮುಂದಿನ ಕಡತಗಳಿಗೂ ಆಗುತ್ತದೆ. ಚಿತ್ರ ಸೇರಿಸುವ ಮೊದಲೇ ಇದನ್ನು ಮಾಡಬೇಕು, ಹಿಂಡಿದ ಮೇಲೆ ಮಾಡಿ ಪ್ರಯೋಜನವಿಲ್ಲ.

ವರ್ಡ್‌ನಲ್ಲಿ ಇನ್ನೊಂದು ಸುಲಭ ತಾಳೆ. 96 ಪಿಪಿಐ ಚೀಟಿ ಇರುವ ಸ್ಕ್ರೀನ್‌ಶಾಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೈಜ್ ಅಂಡ್ ಪೊಸಿಷನ್’ ತೆರೆಯಿರಿ. ಸ್ಕೇಲ್ 32% ಎಂದಿದ್ದರೆ ಕಾಗದದಲ್ಲಿ 300 ಪಿಪಿಐ, 64% ಎಂದಿದ್ದರೆ 150. 100% ಅಥವಾ ಹೆಚ್ಚು ಎಂದಿದ್ದರೆ ಆ ಚಿತ್ರವನ್ನು ಮತ್ತೆ ತೆಗೆಯಲು ತಯಾರಾಗಿ.

ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಪರದೆ ಮೇಲೆ ಕಾಣುವುದನ್ನು ನಂಬಬೇಡಿ. ಅದು ವೇಗಕ್ಕಾಗಿ ತೋರಿಸುವ ಮಬ್ಬು ಪ್ರತಿ. ಡಿಸ್‌ಪ್ಲೇ ಪರ್ಫಾರ್ಮೆನ್ಸ್ ಅನ್ನು ಹೈ ಕ್ವಾಲಿಟಿಗೆ ಇಡಿ, ಲಿಂಕ್ಸ್ ಪಟ್ಟಿಯಲ್ಲಿ ‘ಎಫೆಕ್ಟಿವ್ ಪಿಪಿಐ’ (ಪುಟದಲ್ಲಿ ಕೂತ ಅಳತೆಗೆ ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದು) ನೋಡಿ. ಇನ್ನೂ ಪೇಜ್‌ಮೇಕರ್‌ನಲ್ಲೇ ಇರುವ ಅಂಗಡಿಗಳಿಗೂ (ನಮ್ಮ ಜಿಲ್ಲೆಗಳಲ್ಲಿ ಅವು ಕಡಿಮೆಯೇನಲ್ಲ) ಇದೇ ಮಾತು: ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಡಿಸ್‌ಪ್ಲೇ ‘ಹೈ ರೆಸಲ್ಯೂಷನ್’ ಮಾಡದೆ ಚಿತ್ರ ಒಡೆದಿದೆ ಎಂದು ತೀರ್ಮಾನಿಸಬೇಡಿ. ಅಂಥವರಿಗೆ ನಾನು ಎಲ್‌ಜೆಡ್‌ಡಬ್ಲ್ಯೂ ವಿಧಾನದಲ್ಲಿ ಒತ್ತಿದ ಟಿಫ್ ಕಡತ ಕೊಡುತ್ತೇನೆ, ಅದರಲ್ಲಿ ಒಂದು ಪಿಕ್ಸೆಲ್ಲೂ ಕಳೆಯುವುದಿಲ್ಲ.

ಪಿಡಿಎಫ್ ಮಾಡುವಲ್ಲಿ

ಎಲ್ಲ ಸರಿಯಿದ್ದು ಪಿಡಿಎಫ್‌ನಲ್ಲಿ ನೊಣಗಳು ಬಂದವೇ? ಪಿಡಿಎಫ್ ಮಾಡುವಾಗ ಪ್ರೋಗ್ರಾಂ ಚಿತ್ರವನ್ನು ತಾನಾಗಿಯೇ ಜೆಪೆಗ್ ಮಾಡಿರುತ್ತದೆ. ಲಿಬ್ರೆಆಫೀಸ್‌ನ ಪಿಡಿಎಫ್ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಡೀಫಾಲ್ಟ್ ಆಗಿ ಜೆಪೆಗ್ 90% ಮತ್ತು 300 ಡಿಪಿಐಗೆ ಕುಗ್ಗಿಸು ಎಂದಿರುತ್ತದೆ. ‘ಲಾಸ್‌ಲೆಸ್ ಕಂಪ್ರೆಷನ್’ ಆರಿಸಿ, ಕುಗ್ಗಿಸುವ ಗುರುತು ತೆಗೆಯಿರಿ. ಇನ್‌ಡಿಸೈನ್‌ನ ‘ಸ್ಮಾಲೆಸ್ಟ್ ಫೈಲ್ ಸೈಜ್’ ಚಿತ್ರಗಳನ್ನು 100 ಪಿಪಿಐಗೆ ಇಳಿಸುತ್ತದೆ, ಸ್ಕ್ರೀನ್‌ಶಾಟ್‌ಗೆ ಅದು ಮರಣಶಾಸನ. ‘ಹೈ ಕ್ವಾಲಿಟಿ ಪ್ರಿಂಟ್’ ಕೂಡ 450ಕ್ಕಿಂತ ಮೇಲಿದ್ದುದನ್ನು 300ಕ್ಕೆ ಇಳಿಸಿ ಜೆಪೆಗ್ ಮಾಡುತ್ತದೆ. ನಮ್ಮ ಫೋನ್ ಚಿತ್ರ 480 ಇತ್ತಲ್ಲ, ಅದು ಸಿಕ್ಕಿಬೀಳುವುದು ಇಲ್ಲೇ. ಕಂಪ್ರೆಷನ್ ಪುಟದಲ್ಲಿ ‘ಡು ನಾಟ್ ಡೌನ್‌ಸ್ಯಾಂಪಲ್’ ಮತ್ತು ‘ಜಿಪ್’ (ಪಿಕ್ಸೆಲ್ ಕಳೆಯದೆ ಒತ್ತುವ ವಿಧಾನ) ಎಂದು ಮಾಡಿ. ಬಣ್ಣದ ಚಿತ್ರಕ್ಕೆ ಬೇರೆ, ಗ್ರೇಸ್ಕೇಲ್‌ಗೆ ಬೇರೆ ಸಾಲಿದೆ, ಎರಡಕ್ಕೂ ಮಾಡಬೇಕು. ಕಡತ ದಪ್ಪವಾಗುತ್ತದೆ ಎಂಬ ಹೆದರಿಕೆ ಬೇಡ. ಬಿಳಿ ಹಿನ್ನೆಲೆಯ ಸ್ಕ್ರೀನ್‌ಶಾಟ್ ಜಿಪ್ ವಿಧಾನದಲ್ಲಿ ಚೆನ್ನಾಗಿಯೇ ಸಣ್ಣದಾಗುತ್ತದೆ.

ಪಿಡಿಎಫ್ ನೋಡುವಾಗ 100%ರಲ್ಲಿ ಮಸುಕು, 400%ರಲ್ಲಿ ಸ್ಪಷ್ಟ ಎಂದಾದರೆ ಪಿಡಿಎಫ್‌ಗೆ ಏನೂ ಆಗಿಲ್ಲ. ಆ ಹೊತ್ತಿಗೆ ಪರದೆಗೆ ಹೊಂದಿಸಲು ರೀಡರ್ ಕುಗ್ಗಿಸಿ ತೋರಿಸುತ್ತಿದೆ. ಅಡೋಬಿ ರೀಡರ್‌ನ ಪೇಜ್ ಡಿಸ್‌ಪ್ಲೇಯಲ್ಲಿ ‘ಸ್ಮೂತ್ ಇಮೇಜಸ್’ ಗುರುತು ತೆಗೆದು ನೋಡಿದರೆ ನಿಜವಾದ ಪಿಕ್ಸೆಲ್ ಕಾಣುತ್ತದೆ.

ಪ್ರೆಸ್‌ನಲ್ಲಿ

ಇಲ್ಲಿ ಆಗುವ ಮಸುಕು ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಪರದೆಯ ಶುದ್ಧ ಕಪ್ಪು ನಾಲ್ಕು ಬಣ್ಣದ ಮುದ್ರಣಕ್ಕೆ ಬದಲಾಗುವಾಗ ಬರೀ ಕಪ್ಪು ಮಸಿಯಾಗಿ ಉಳಿಯುವುದಿಲ್ಲ. ಫೋಟೋಶಾಪ್‌ನ ಸ್ವಾಪ್ ಪ್ರೊಫೈಲ್‌ನಲ್ಲಿ (ಪರದೆಯ ಬಣ್ಣವನ್ನು ಮಸಿಯ ಲೆಕ್ಕಕ್ಕೆ ಬದಲಿಸುವ ಪಟ್ಟಿ) ಅದು ಶೇಕಡಾ ಲೆಕ್ಕದಲ್ಲಿ ನೀಲಿ 75, ಗುಲಾಬಿ 68, ಹಳದಿ 67, ಕಪ್ಪು 90 ಆಗುತ್ತದೆ. ಒಂದು ಧ ಅಚ್ಚಾಗಲು ನಾಲ್ಕು ಪ್ಲೇಟ್‌ಗಳು ಕೂದಲೆಳೆಯಷ್ಟೂ ಸರಿಯದೆ ಒಂದರ ಮೇಲೊಂದು ಕೂರಬೇಕು. ಸರಿದರೆ ಸೀಳಿನೊಳಗೆ ಗುಲಾಬಿ ತುಂಬುತ್ತದೆ. ಒಂದೇ ಬಣ್ಣದ ಪುಸ್ತಕವಾದರೆ ಚಿತ್ರವನ್ನು ನೀವೇ ಗ್ರೇಸ್ಕೇಲ್ ಮಾಡಿ ಕೊಡಿ, ಪ್ರೆಸ್‌ಗೆ ಬಿಡಬೇಡಿ.

ಗ್ರೇ ಮಾಡಿದ ಮೇಲೆ ಲೆವೆಲ್ಸ್ ತೆರೆದು ತಿಳಿ ಬೂದು ಹಿನ್ನೆಲೆಯನ್ನು ಪೂರ್ತಿ ಬಿಳಿಗೆ, ಬೂದು ಅಕ್ಷರವನ್ನು ಪೂರ್ತಿ ಕಪ್ಪಿಗೆ ತನ್ನಿ. ಬೂದು ಎಂಬ ಮಸಿ ಪ್ರೆಸ್‌ನಲ್ಲಿಲ್ಲ. ಅದು ಬೂದನ್ನು ಸಣ್ಣ ಕಪ್ಪು ಚುಕ್ಕೆಗಳಿಂದ ತೋರಿಸುತ್ತದೆ. ಬೂದು ಅಕ್ಷರದ ಅಂಚು ಚುಕ್ಕೆ ಚುಕ್ಕೆಯಾಗಿ ಹರಿದಂತಾಗುತ್ತದೆ, ತಿಳಿ ಹಿನ್ನೆಲೆ ಧೂಳು ಬಿದ್ದ ಹಾಗೆ ಕಾಣುತ್ತದೆ. ಜಾಲತಾಣಗಳು ಫ್ಯಾಷನ್ನಿಗಾಗಿ ತಿಳಿ ಬೂದಿನಲ್ಲಿ ಬರೆಯುವುದನ್ನು ನಿಲ್ಲಿಸುವವರೆಗೆ ಈ ಕೆಲಸ ತಪ್ಪಿದ್ದಲ್ಲ.

27ನೇ ಪುಟದ ಜೊತೆಗೆ ಇನ್ನೂ ಎಂಟು ಪುಟಗಳಲ್ಲಿ ಇದೇ ಕಾಯಿಲೆ ಇತ್ತು. ಒಂಬತ್ತೂ ಪರದೆಗಳನ್ನು 200%ರಲ್ಲಿ ಮತ್ತೆ ತೆಗೆದು, ಹಿಂಡುವ ಆಯ್ಕೆ ತೆಗೆದ ಹೊಸ ಕಡತದಲ್ಲಿ ಕೂರಿಸಿ, ಅಂಗಡಿಯ ಲೇಸರ್ ಪ್ರಿಂಟರ್‌ನಲ್ಲಿ ಪುಸ್ತಕದ ಅಳತೆಗೇ ಅಚ್ಚು ತೆಗೆದು ಮೇಷ್ಟ್ರ ಮುಂದಿಟ್ಟೆ. ಭೂತಗನ್ನಡಿ ಬೇಕಾಗಲಿಲ್ಲ.

“ಸಹಾಯಧನ ಸರಿಹೋಯ್ತು” ಎಂದು ಪುಟ ತಿರುವಿದರು. ನಾಲ್ಕು ಪುಟ ದಾಟಿ ಪೆನ್ನು ಮತ್ತೆ ನಿಂತಿತು. “31ರಲ್ಲಿ ‘ಅರ್ಜಿಧಾರ’ ಅಂತಿದೆಯಲ್ಲಪ್ಪಾ. ಇದೂ ಸ್ಕ್ರೀನ್‌ಶಾಟೋ?”

ಅದು ನಾನೇ ಟೈಪ್ ಮಾಡಿದ ಸಾಲು.